ದಾವಣಗೆರೆಯಿಂದ ವಿದೇಶಕ್ಕೆ ಹೋಗುವಾಗ ಟಿಕೆಟ್ ಖರ್ಚನ್ನು ಮನೆ ಬಾಗಿಲಿನಿಂದ ಲೆಕ್ಕ ಹಾಕಿ

ನೀವು ಕೇಳಿದ್ದು ಇಷ್ಟು. ದಾವಣಗೆರೆಯಲ್ಲಿದ್ದೀರಿ. ಅಪ್ಪ, ಅಮ್ಮ ಮತ್ತು ನೀವಿಬ್ಬರು ಮೊದಲ ಸಲ ದೇಶದ ಹೊರಗೆ ಹೋಗಬೇಕು. ಬ್ಯಾಂಕಾಕ್ ಅಥವಾ ಕೌಲಾಲಂಪುರ. ವಿಮಾನದ ಟಿಕೆಟ್ ಕಡಿಮೆಗೆ ಹಿಡಿಯುವುದು ಹೇಗೆ, ಮಂಗಳವಾರ ಮಧ್ಯರಾತ್ರಿ ಬುಕ್ ಮಾಡಿದರೆ ದರ ಇಳಿಯುತ್ತೆ ಅನ್ನೋದು ನಿಜವಾ?

ಮಂಗಳವಾರದ ಮಾತು ಬಿಟ್ಟುಬಿಡಿ. ನೀವು ಯಾವ ವಾರ ಬುಕ್ ಮಾಡುತ್ತೀರಿ ಅನ್ನುವುದಕ್ಕಿಂತ ಯಾವ ವಾರ ಹಾರುತ್ತೀರಿ ಅನ್ನುವುದು ಮುಖ್ಯ. ಶುಕ್ರವಾರ ಹೋಗಿ ಭಾನುವಾರ ಬರುವ ಟಿಕೆಟ್‌ಗಿಂತ ಮಂಗಳವಾರ ಹೋಗಿ ಬುಧವಾರ ಬರುವ ಟಿಕೆಟ್ ಬಹಳ ಸಲ ಕಡಿಮೆ ಇರುತ್ತದೆ. ರಜೆ ತೆಗೆದುಕೊಂಡು ಹೋಗುವವರೆಲ್ಲ ವಾರದ ಕೊನೆಯನ್ನೇ ಹಿಡಿಯುತ್ತಾರೆ, ಅಷ್ಟೇ ಕಾರಣ. ಒಂದೇ ಟಿಕೆಟನ್ನು ಪದೇ ಪದೇ ಹುಡುಕಿದರೆ ದರ ಏರಿಸುತ್ತಾರೆ ಅಂತಲೂ ಹೇಳುತ್ತಾರೆ. ನಾನು ಎರಡು ಫೋನ್, ಒಂದು ಕಂಪ್ಯೂಟರ್ ಇಟ್ಟುಕೊಂಡು ವಾರಗಟ್ಟಲೆ ನೋಡಿದ್ದೇನೆ. ಮೂರರಲ್ಲೂ ಒಂದೇ ದರ ಬಂತು.

ನಾನು ಇಲ್ಲಿನ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೆಕ್ಕೆಜೋಳದ ಸೀಸನ್‌ನಲ್ಲಿ ತಲೆ ಎತ್ತಲು ಆಗುವುದಿಲ್ಲ. ಅದು ಮುಗಿದ ಮೇಲೆ ಅಪ್ಪ, ಅವ್ವ, ಹೆಂಡತಿಯನ್ನು ಕರೆದುಕೊಂಡು ಈವರೆಗೆ ಕೊಲಂಬೊ, ಬ್ಯಾಂಕಾಕ್, ಕೌಲಾಲಂಪುರ ನೋಡಿ ಬಂದಿದ್ದೇನೆ. ಮೂರು ಸಲವೂ ಟಿಕೆಟ್ ನಾನೇ ಹುಡುಕಿದ್ದು. ನಿಮ್ಮ ಹಾಗೆಯೇ ನಾಲ್ಕು ಜನ, ಅದೇ ಊರು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ದರ ಯಾಕೆ ಏರಿಳಿಯುತ್ತೆ ಅಂತ ತಿಳಿದುಕೊಳ್ಳಿ. ಯಾರ್ಡಿನಲ್ಲಿ ಒಂದು ಲಾಟಿಗೆ, ಅಂದರೆ ಒಂದು ರಾಶಿ ಮಾಲಿಗೆ, ಟೆಂಡರ್ ಆದರೆ ಅಷ್ಟೂ ಚೀಲಕ್ಕೆ ಒಂದೇ ದರ. ವಿಮಾನದಲ್ಲಿ ಹಾಗಿಲ್ಲ. ಒಂದೇ ಸಾಲಿನಲ್ಲಿ ಕೂತ ಮೂವರು ಮೂರು ದರ ಕೊಟ್ಟಿರುತ್ತಾರೆ. ಕಂಪನಿಯವರು ಸೀಟುಗಳನ್ನು ದರದ ಪ್ರಕಾರ ಪಾಲು ಮಾಡಿ ಇಟ್ಟಿರುತ್ತಾರೆ. ಕಡಿಮೆ ದರದ ಪಾಲು ಖಾಲಿಯಾದರೆ ಮುಂದಿನ ಪಾಲು ತೆರೆಯುತ್ತದೆ. ಸೀಟು ಹೋಗುತ್ತಿಲ್ಲ ಅನಿಸಿದರೆ ಕಡಿಮೆ ಪಾಲನ್ನು ಮತ್ತೆ ತೆರೆಯುವುದೂ ಉಂಟು.

ಇದರಲ್ಲಿ ನಮ್ಮಂಥ ನಾಲ್ಕು ಜನರ ಮನೆಗೆ ಒಂದು ಹೊಡೆತ ಇದೆ. ನಾಲ್ಕು ಜನ ಅಂತ ಹಾಕಿ ಹುಡುಕುತ್ತೀರಿ ಅಂದುಕೊಳ್ಳಿ. ಕಡಿಮೆ ದರದ ಪಾಲಿನಲ್ಲಿ ಎರಡೇ ಸೀಟು ಉಳಿದಿವೆ. ಆಗ ಸಾಮಾನ್ಯವಾಗಿ ಆ ಎರಡನ್ನು ಕಡಿಮೆಗೆ ಕೊಟ್ಟು ಉಳಿದೆರಡನ್ನು ಜಾಸ್ತಿಗೆ ಕೊಡುವುದಿಲ್ಲ. ನಾಲ್ಕಕ್ಕೂ ಮೇಲಿನ ದರವನ್ನೇ ತೋರಿಸುತ್ತದೆ. ಕೌಲಾಲಂಪುರದ ಟಿಕೆಟ್ ಹುಡುಕುವಾಗ ನನಗೆ ತಲೆಗೆ 9,850 ರೂಪಾಯಿ ಬಂತು. ಸುಮ್ನೆ ನೋಡೋಣ ಅಂತ ಒಬ್ಬರಿಗೆ ಹಾಕಿದೆ, 8,100. ಇಬ್ಬರಿಗೆ ಹಾಕಿದೆ, 8,100. ಮೂವರಿಗೆ ಹಾಕಿದ ತಕ್ಷಣ 9,850ಕ್ಕೆ ಹಾರಿತು. ಇಬ್ಬಿಬ್ಬರ ಹಾಗೆ ಎರಡು ಸಲ ಬುಕ್ ಮಾಡಿದೆ. 3,500 ರೂಪಾಯಿ ಉಳಿಯಿತು, ಐದು ನಿಮಿಷದ ಕೆಲಸಕ್ಕೆ. ಹಾಗೆ ಮಾಡುವುದಾದರೆ ಅಪ್ಪ-ಅಮ್ಮ ಇಬ್ಬರನ್ನೇ ಒಂದು ಟಿಕೆಟ್‌ನಲ್ಲಿ ಹಾಕಬೇಡಿ. ಅಪ್ಪನ ಜೊತೆ ನೀವು, ಅಮ್ಮನ ಜೊತೆ ನಿಮ್ಮ ಮನೆಯವರು ಇರಲಿ. ಏನಾದರೂ ಹೆಚ್ಚುಕಡಿಮೆಯಾಗಿ ಒಂದು ಟಿಕೆಟ್ ಬೇರೆ ವಿಮಾನಕ್ಕೆ ಬದಲಾದರೆ ಹಿರಿಯರಿಬ್ಬರೇ ಉಳಿಯಬಾರದು.

ಹುಡುಕಲು ನಾನು ಗೂಗಲ್ ಫ್ಲೈಟ್ಸ್ ನೋಡುತ್ತೇನೆ. ತಾರೀಖಿನ ಜಾಗ ಒತ್ತಿದರೆ ಕ್ಯಾಲೆಂಡರ್ ತೆರೆದು ಪ್ರತಿ ದಿನದ ಕೆಳಗೆ ದರ ಕಾಣುತ್ತದೆ. ಬೇಕಾದ ದಾರಿಗೆ ದರದ ಎಚ್ಚರಿಕೆ ಹಾಕಿಟ್ಟರೆ ಏರಿಳಿದಾಗ ಮೇಲ್ ಬರುತ್ತದೆ. ಯಾವ ದೇಶ ಅಂತಲೇ ತೀರ್ಮಾನ ಆಗಿಲ್ಲದಿದ್ದರೆ ಸ್ಕೈಸ್ಕ್ಯಾನರ್‌ನಲ್ಲಿ ಊರಿನ ಹೆಸರು ಕೊಡದೆ, ಇಡೀ ತಿಂಗಳು ಹಾಕಿ ಹುಡುಕಬಹುದು. ಎರಡು ಮೂರು ತಿಂಗಳ ಮುಂಚೆ ನೋಡಲು ಶುರು ಮಾಡಿ, ಎರಡು ವಾರ ಸುಮ್ಮನೆ ಗಮನಿಸಿ. ಆ ದಾರಿಯ ಮಾಮೂಲಿ ದರ ಎಷ್ಟು ಅಂತ ಕಣ್ಣಿಗೆ ಬೀಳುತ್ತದೆ. ಅದಕ್ಕಿಂತ ಇಳಿದ ದಿನ ತೆಗೆದುಕೊಳ್ಳಿ, ಇನ್ನೂ ಇಳಿಯಲಿ ಅಂತ ಕಾಯಬೇಡಿ.

ಹುಡುಕುವುದು ಅಲ್ಲಿ, ಆದರೆ ಕೊಳ್ಳುವುದು ವಿಮಾನ ಕಂಪನಿಯ ಸ್ವಂತ ತಾಣದಲ್ಲೇ. ಇದು ಪೆಟ್ಟು ತಿಂದು ಕಲಿತದ್ದು. ಕೊಲಂಬೊಗೆ ಹೋಗುವಾಗ 600 ರೂಪಾಯಿ ಉಳಿಯುತ್ತೆ ಅಂತ ಒಂದು ಮಧ್ಯವರ್ತಿ ತಾಣದಲ್ಲಿ ಟಿಕೆಟ್ ಮಾಡಿದೆ. ಆಮೇಲೆ ವಿಮಾನದ ಸಮಯ ಬದಲಾಯಿತು, ನಮಗೆ ಆಗಿಬರಲಿಲ್ಲ. ಕಂಪನಿಯವರು ತಾಣದವರನ್ನು ಕೇಳಿ ಅಂದರು, ತಾಣದವರು ಕಂಪನಿಯವರನ್ನು ಕೇಳಿ ಅಂದರು. ದುಡ್ಡು ವಾಪಸ್ ಬರಲು ನಾಲ್ಕು ತಿಂಗಳು ಹಿಡಿಯಿತು.

ಈಗ ನಮ್ಮ ಊರಿನ ಮಾತಿಗೆ ಬರೋಣ. ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಇದು ಇರುವುದೇ ಇಲ್ಲ. ನಮ್ಮ ಮನೆಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಹತ್ತಿರ ಹತ್ತಿರ 270 ಕಿಲೋಮೀಟರ್. ಅಲ್ಲಿಗೆ ಹೋಗಿ ಬರುವ ಖರ್ಚನ್ನು ಟಿಕೆಟ್‌ಗೆ ಸೇರಿಸದೆ ಯಾವ ವಿಮಾನ ಅಗ್ಗ ಅಂತ ಹೇಳಲು ಬರುವುದಿಲ್ಲ. ಬಾಡಿಗೆ ಕಾರಿನವರು ಬಿಟ್ಟು ಬರುವುದಕ್ಕೂ ಎರಡೂ ಕಡೆಯ ಕಿಲೋಮೀಟರ್ ಹಿಡಿಯುತ್ತಾರೆ, ಮೇಲೆ ಟೋಲ್, ಡ್ರೈವರ್ ಬಾಟಾ.

ಒಂದು ಲೆಕ್ಕ ಹೇಳುತ್ತೇನೆ. ಬ್ಯಾಂಕಾಕ್‌ಗೆ ಬೆಳಗಿನ ಜಾವದ ಒಂದು ವಿಮಾನ ರಾತ್ರಿಯದಕ್ಕಿಂತ ತಲೆಗೆ 1,200 ರೂಪಾಯಿ ಕಡಿಮೆ ಇತ್ತು. ನಾಲ್ಕು ಜನಕ್ಕೆ 4,800 ಉಳಿಯಿತು ಅನ್ನಿಸುತ್ತೆ ಅಲ್ವಾ? ಆದರೆ ಅದಕ್ಕೆ ಹಿಂದಿನ ಸಂಜೆಯೇ ಹೋಗಿ ದೇವನಹಳ್ಳಿ ಹತ್ತಿರ ಎರಡು ರೂಮ್ ಹಿಡಿಯಬೇಕು, ಊಟ ಮಾಡಬೇಕು, ನಡುರಾತ್ರಿ 2 ಗಂಟೆಗೆ ಎದ್ದು ಮತ್ತೆ ಟ್ಯಾಕ್ಸಿ ಹತ್ತಬೇಕು. ಉಳಿದದ್ದೆಲ್ಲ ಅಲ್ಲಿಗೆ ಹೋಯಿತು, ಅಪ್ಪನ ನಿದ್ದೆಯೂ ಹೋಯಿತು. ನಮಗೆ ರಾತ್ರಿ 11ರ ನಂತರ ಹೊರಡುವ ವಿಮಾನವೇ ಅನುಕೂಲ. ಮಧ್ಯಾಹ್ನ ಊಟ ಮಾಡಿ ವಂದೇ ಭಾರತ್ ಹತ್ತಿದರೆ ಸಂಜೆ ಯಶವಂತಪುರ. ಅಲ್ಲಿಂದ ಟ್ಯಾಕ್ಸಿ. ಯಾವ ದಿನ ರೈಲು ಇಲ್ಲ ಅಂತ ಮೊದಲೇ ನೋಡಿಕೊಂಡು ಆಮೇಲೆ ವಿಮಾನದ ತಾರೀಖು ಆರಿಸಿ. ವಾಪಸ್ ಬರುವಾಗಲೂ ಅಷ್ಟೇ. ನಡುರಾತ್ರಿ ಇಳಿದರೆ ಬೆಳಗಿನ ಜಾವದ ವಂದೇ ಭಾರತ್ ಹಿಡಿದು ತಿಂಡಿ ಹೊತ್ತಿಗೆ ದಾವಣಗೆರೆಯಲ್ಲಿರಬಹುದು.

ಕಾರಿನಲ್ಲೇ ಹೋಗುವುದಾದರೆ ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ. ದೊಡ್ಡಬಳ್ಳಾಪುರದ ಮೇಲೆ ಹೊಸ ವರ್ತುಲ ರಸ್ತೆ ದೇವನಹಳ್ಳಿಗೆ ಹೋಗುತ್ತದೆ. ನೆಲಮಂಗಲ, ಗೊರಗುಂಟೆಪಾಳ್ಯ, ಹೆಬ್ಬಾಳದ ಟ್ರಾಫಿಕ್ ಒಂದೂ ಇಲ್ಲ.

ಶಿವಮೊಗ್ಗದಿಂದ ಬೆಂಗಳೂರಿಗೆ ವಿಮಾನದಲ್ಲೇ ಹೋಗಬಹುದಲ್ಲ ಅಂತ ಕೆಲವರು ಹೇಳುತ್ತಾರೆ. ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ, ಸಿಕ್ಕರೆ ಸರಿ. ಬೇರೆ ಬೇರೆ ಟಿಕೆಟ್ ಆದರೆ ಬೇಡ. ಮೊದಲ ವಿಮಾನ ತಡವಾದರೆ ಎರಡನೆಯದು ನಿಮಗಾಗಿ ಕಾಯುವುದಿಲ್ಲ, ದುಡ್ಡೂ ಹೋಗುತ್ತದೆ. ಚೆನ್ನೈಯಿಂದ ಕೌಲಾಲಂಪುರಕ್ಕೆ ಕೆಲವೊಮ್ಮೆ ದರ ಕಡಿಮೆ ಕಾಣುತ್ತದೆ. ಒಬ್ಬರೇ ಹೋಗುವ ಹುಡುಗರಿಗೆ ಅದು ಲಾಭ. ಹಿರಿಯರ ಜೊತೆ ನಾನು ಹೋಗುವುದಿಲ್ಲ.

ತಾರೀಖಿನ ಬಗ್ಗೆ ಕೈಮುಗಿದು ಒಂದು ಮಾತು ಹೇಳುತ್ತೇನೆ. ಬ್ಯಾಂಕಾಕ್ ಟಿಕೆಟ್‌ನಲ್ಲಿ 14ನೇ ತಾರೀಖು, 00:40 ಅಂತ ಇತ್ತು. ಅಪ್ಪ ಕ್ಯಾಲೆಂಡರ್‌ನಲ್ಲಿ 14ಕ್ಕೆ ಕೆಂಪು ಪೆನ್ನಿನಿಂದ ಗುಂಡು ಸುತ್ತಿದ್ದರು. ನಾವೆಲ್ಲ 14ರ ರಾತ್ರಿ ವಿಮಾನ ಅಂತಲೇ ಇದ್ದೆವು. 13ರ ಮಧ್ಯಾಹ್ನ 3 ಗಂಟೆಗೆ ನಾನು ಅಂಗಡಿಯ ತೂಕದ ಯಂತ್ರದ ಮೇಲೆ ಬ್ಯಾಗ್ ಇಟ್ಟು ತೂಗುತ್ತಿದ್ದೆ. ಅವ್ವ ಹಾಕಿದ್ದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಸೇರಿ 8 ಕಿಲೋ 200 ಗ್ರಾಂ ತೋರಿಸುತ್ತಿತ್ತು. ಅಷ್ಟರಲ್ಲಿ ಫೋನಿಗೆ ಸಂದೇಶ ಬಂತು, ನಿಮ್ಮ ವಿಮಾನ ಇನ್ನು ಕೆಲವೇ ಗಂಟೆಗಳಲ್ಲಿ ಅಂತ. ಓದಿದವನೇ ತಣ್ಣಗಾಗಿಬಿಟ್ಟೆ. 14ನೇ ತಾರೀಖು 00:40 ಅಂದರೆ 13ರ ರಾತ್ರಿ 12 ಕಳೆದು ನಲವತ್ತು ನಿಮಿಷ. ಅವತ್ತೇ! ಅವ್ವ ಒಲೆ ಮೇಲಿನ ಸಾರು ಆರಿಸಿ ಪಕ್ಕದ ಮನೆಗೆ ಕೊಟ್ಟರು. ಅಪ್ಪ ಕ್ಷೌರದ ಅಂಗಡಿಯಿಂದ ಅರ್ಧಕ್ಕೆ ಎದ್ದು ಬಂದರು. ನಾಲ್ಕೂವರೆಗೆ ಕಾರು ಬಿಟ್ಟಿತು. ಹಿರಿಯೂರು ದಾಟುವವರೆಗೂ ಯಾರೂ ಮಾತಾಡಲಿಲ್ಲ. ರಾತ್ರಿ ಪೌಣೆ ಹತ್ತಕ್ಕೆ ಎರಡನೇ ಟರ್ಮಿನಲ್ ಮುಂದೆ ಇಳಿದಾಗ ಉಸಿರು ಬಂತು. ವಿಮಾನ ತಪ್ಪಿದ್ದರೆ ತಿಂಗಳುಗಟ್ಟಲೆ ಹುಡುಕಿದ ಅಗ್ಗದ ಟಿಕೆಟ್ ಕಸಕ್ಕೆ ಸಮ. ಬೆಂಗಳೂರಿನಿಂದ ಆ ಕಡೆಗೆ ಹೋಗುವ ಬಹಳ ವಿಮಾನಗಳು ನಡುರಾತ್ರಿಯ ಆಚೀಚೆಯೇ ಇರುತ್ತವೆ. ಟಿಕೆಟ್ ಆದ ದಿನವೇ ಮನೆಯಿಂದ ಹೊರಡುವ ದಿನ, ವಾರ, ಗಂಟೆ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ವಿಮಾನದ ತಾರೀಖು ಬೇಡ, ಮನೆ ಬಿಡುವ ತಾರೀಖು.

ಬ್ಯಾಗಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ತೀರಾ ಕಡಿಮೆ ದರದ ಟಿಕೆಟ್‌ನಲ್ಲಿ ಬಹಳ ಸಲ ಕೈಯಲ್ಲಿ ಒಯ್ಯುವ 7 ಕಿಲೋ ಮಾತ್ರ ಇರುತ್ತದೆ. ದೊಡ್ಡ ಬ್ಯಾಗಿಗೆ ಬೇರೆ ದುಡ್ಡು. ಟಿಕೆಟ್ ಜೊತೆಗೇ ಕೊಂಡರೆ ಕಡಿಮೆ, ಕೌಂಟರ್ ಮುಂದೆ ನಿಂತು ಕೊಂಡರೆ ಬಹಳ ಜಾಸ್ತಿ. ನಾಲ್ಕು ಜನಕ್ಕೆ ನಾಲ್ಕು ಬೇಡ, ಒಂದು 20 ಕಿಲೋ ಬ್ಯಾಗ್ ಸಾಕು. ಉಪ್ಪಿನಕಾಯಿ, ತುಪ್ಪ ಅದರೊಳಗೇ ಹೋಗಲಿ, ಕೈಬ್ಯಾಗಿನಲ್ಲಿ ಬಿಡುವುದಿಲ್ಲ. ಎರಡು ವಿಮಾನಗಳ ದರ ಹೋಲಿಸುವಾಗ ಬ್ಯಾಗ್ ಸೇರಿಸಿಯೇ ಹೋಲಿಸಿ. ಇಳಿಯುವ ಜಾಗವನ್ನೂ ನೋಡಿ. ಬ್ಯಾಂಕಾಕ್‌ನಲ್ಲಿ ಎರಡು ವಿಮಾನ ನಿಲ್ದಾಣ ಇವೆ, ಸುವರ್ಣಭೂಮಿ ಮತ್ತು ಡಾನ್ ಮುಯಾಂಗ್. ಕೌಲಾಲಂಪುರದ್ದು ಊರಿನಿಂದ 50 ಕಿಲೋಮೀಟರ್‌ಗಿಂತ ದೂರ.

ತಿಂಗಳು ಆರಿಸುವಾಗ ಏಪ್ರಿಲ್ 13ರಿಂದ 15ರವರೆಗಿನ ಸೊಂಗ್‌ಕ್ರಾನ್ ಹಬ್ಬ ಬಿಟ್ಟು ಥಾಯ್ಲೆಂಡ್ ನೋಡಿ. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುವ ಚೀನೀ ಹೊಸ ವರ್ಷ ಬಿಟ್ಟು ಮಲೇಷ್ಯಾ ನೋಡಿ. ನಮ್ಮ ದಸರಾ ರಜೆ, ಡಿಸೆಂಬರ್ ಕೊನೆ ಎರಡಕ್ಕೂ ದುಬಾರಿ.

ಮಲೇಷ್ಯಾಕ್ಕೆ ಭಾರತೀಯರಿಗೆ 2026ರ ಡಿಸೆಂಬರ್ 31ರವರೆಗೆ, 30 ದಿನದೊಳಗಿನ ಪ್ರವಾಸಕ್ಕೆ ವೀಸಾ ಬೇಡ. ವೀಸಾ ನಿಯಮ ಬದಲಾಗುತ್ತಲೇ ಇರುತ್ತದೆ, ದುಡ್ಡು ಕಟ್ಟುವ ಮುಂಚೆ ಆಯಾ ದೇಶದ ದೂತಾವಾಸದ ತಾಣ ನೋಡಿ. ಎರಡೂ ದೇಶಕ್ಕೆ, ಅಲ್ಲಿ ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಆಗಮನದ ಕಾರ್ಡ್ ತುಂಬಬೇಕು. ಥಾಯ್ಲೆಂಡ್‌ನಲ್ಲಿ ಇದು 2025ರ ಮೇ 1ರಿಂದ ಬಂದಿದೆ. ಸರ್ಕಾರಿ ತಾಣದಲ್ಲಿ ಇದಕ್ಕೆ ಒಂದು ರೂಪಾಯಿಯೂ ಇಲ್ಲ. ದುಡ್ಡು ಕೇಳಿದರೆ ಅದು ಸರ್ಕಾರಿ ತಾಣವಲ್ಲ.

ಕೊನೆಗೆ ಪಾಸ್‌ಪೋರ್ಟ್. ಇನ್ನೂ ಮಾಡಿಸಿಲ್ಲದಿದ್ದರೆ ಬೆಂಗಳೂರಿಗೆ ಓಡಬೇಕಿಲ್ಲ, ದಾವಣಗೆರೆ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರ ಇದೆ. 36 ಪುಟದ ಮಾಮೂಲಿ ಪಾಸ್‌ಪೋರ್ಟ್‌ಗೆ 1,500 ರೂಪಾಯಿ. ಇದ್ದರೆ, ಹೋಗುವ ದಿನದಿಂದ ಇನ್ನೂ 6 ತಿಂಗಳು ಅವಧಿ ಇರಬೇಕು. ಇದಕ್ಕಿಂತ ದೊಡ್ಡ ತೊಡಕು ಹೆಸರಿನದು. ನಮ್ಮ ಕಡೆ ಸರ್‌ನೇಮ್ ಇಡುವ ರೂಢಿ ಕಡಿಮೆ, ಇನಿಶಿಯಲ್ ಅಷ್ಟೇ. ನಮ್ಮ ಅವ್ವನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಟಿಕೆಟ್ ಮಾಡುವಾಗ ಆ ಜಾಗ ತುಂಬದೆ ತಾಣ ಮುಂದಕ್ಕೇ ಹೋಗುವುದಿಲ್ಲ. ಇದಕ್ಕೆ ಒಂದೊಂದು ಕಂಪನಿಯದು ಒಂದೊಂದು ಪದ್ಧತಿ. ಕೆಲವರು ಅದೇ ಹೆಸರನ್ನು ಎರಡು ಸಲ ಹಾಕಿ ಅನ್ನುತ್ತಾರೆ, ಕೆಲವರು ಬೇರೆ ಅಕ್ಷರ ಹಾಕಲು ಹೇಳುತ್ತಾರೆ. ನೀವೇ ಊಹಿಸಿ ಅಪ್ಪನ ಹೆಸರೋ ಊರಿನ ಹೆಸರೋ ತುಂಬಬೇಡಿ. ಕಂಪನಿಗೆ ಫೋನ್ ಮಾಡಿ ಕೇಳಿ, ಅವರು ಹೇಳಿದಂತೆಯೇ ತುಂಬಿ. ಟಿಕೆಟ್‌ನ ಹೆಸರು ಪಾಸ್‌ಪೋರ್ಟ್‌ಗೆ ಹೊಂದದಿದ್ದರೆ ಕೌಂಟರ್‌ನಲ್ಲೇ ನಿಲ್ಲಿಸಬಹುದು. ಮುಂದೆ ದುಬೈಗೆ ಹೋಗುವ ಆಸೆ ಇದ್ದರೆ ಇನ್ನೂ ಮುಖ್ಯ. ಒಂದೇ ಹೆಸರಿನ ಪಾಸ್‌ಪೋರ್ಟ್ ವಿಷಯದಲ್ಲಿ ಯುಎಇ 2022ರಿಂದ ಬಿಗಿ ಮಾಡಿದೆ.

ಹಾಗಾಗಿ ದರ ನೋಡುವುದಕ್ಕೂ ಮುಂಚೆ ಇವತ್ತು ಸಂಜೆ ಬೀರುವಿನಿಂದ ಅಪ್ಪ-ಅಮ್ಮನ ಪಾಸ್‌ಪೋರ್ಟ್ ತೆಗೆದು ಸರ್‌ನೇಮ್, ಅವಧಿ ಮುಗಿಯುವ ತಾರೀಖು, ಆ ಎರಡು ಸಾಲು ನೋಡಿ. ಸರ್‌ನೇಮ್ ಇದೆಯಾ ಇಲ್ಲವಾ, ಯಾವ ತಿಂಗಳು ಹೋಗಬೇಕು ಅಂತಿದ್ದೀರಿ, ಇಲ್ಲೇ ಕೆಳಗೆ ಬರೆಯಿರಿ. ಯಾವ ವಾರದ ವಿಮಾನ ನೋಡಬಹುದು ಅಂತ ಹೇಳುತ್ತೇನೆ.