ಕತ್ತರಿ, ಗೋಂದು ಮತ್ತು ನಮ್ಮ ಮುಖಪುಟ

ನಮಸ್ಕಾರ.

ಕಳೆದ ಸಂಚಿಕೆಯ ಮುಖಪುಟ ನೋಡಿ ನೀವು ಸಿಟ್ಟಾಗಿ ಪತ್ರ ಬರೆದಿದ್ದೀರಿ. ‘ಗಲ್ಲಿ ಗಲ್ಲಿ ಗುಲ್ಲು’ ಎಂಬ ತಲೆಬರಹ, ಮಗು ಕದ್ದವರು ದುಡ್ಡು ಕೇಳಿ ಬರೆದ ಚೀಟಿಯ ಹಾಗಿತ್ತು ಎಂದಿದ್ದೀರಿ. ಇಪ್ಪತ್ತು ವರ್ಷದ ಸಂಚಿಕೆಗಳನ್ನು ಕಟ್ಟು ಕಟ್ಟಿ ಇಟ್ಟಿರುವ ನಿಮಗೆ ಬೈಯುವ ಹಕ್ಕಿದೆ. ಆದರೆ ‘ಪಂಕ್ ಅಂದರೆ ಡಿಸೈನ್ ಬಾರದವರ ನೆಪ’ ಎಂದಿರಲ್ಲ, ಅದನ್ನು ಒಪ್ಪಲಾರೆ. ಪಂಕ್ ಅಂದರೆ 1970ರ ದಶಕದ ಒರಟು, ಬಂಡಾಯದ ಸಂಗೀತ ಮತ್ತು ಅದರ ಜೊತೆ ಬಂದ ಶೈಲಿ.

ಪೇಪರಿನಿಂದ ಕತ್ತರಿಸಿದ ಅಕ್ಷರ ಅಂಟಿಸಿದ ಆ ಚೀಟಿಯ ರೂಪಕ್ಕೆ ಹೆಸರು ತಂದವರು ಇಂಗ್ಲೆಂಡಿನ ಕಲಾವಿದ ಜೇಮಿ ರೀಡ್. 1970ರಲ್ಲಿ ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿ ಗೆಳೆಯರ ಜೊತೆ ‘ಸಬರ್ಬನ್ ಪ್ರೆಸ್’ ಎಂಬ ಪತ್ರಿಕೆ ಶುರುಮಾಡಿದರು. ಕೈಯಲ್ಲಿ ಕಾಸಿರಲಿಲ್ಲ. ಪೇಪರಿನ ತಲೆಬರಹ ಕತ್ತರಿಸಿ ಅಂಟಿಸಿದರೆ ಅಕ್ಷರ ಪುಕ್ಕಟೆ, ಕೆಲಸವೂ ಬೇಗ. 1977ರಲ್ಲಿ, ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದ 25ನೇ ವರ್ಷದ ಸಂಭ್ರಮದ ಹೊತ್ತಿಗೆ, ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ತಂಡದ ‘ಗಾಡ್ ಸೇವ್ ದ ಕ್ವೀನ್’ ಹಾಡು ಬಂತು. ಬಿಬಿಸಿ ಅದನ್ನು ನಿಷೇಧಿಸಿತು. ಅದರ ರೆಕಾರ್ಡಿನ ಹೊದಿಕೆಗೆ ರೀಡ್ ತೆಗೆದುಕೊಂಡದ್ದು ಪೀಟರ್ ಗ್ರೂಜನ್ ತೆಗೆದ ರಾಣಿಯ ಚಿತ್ರ. ಕಣ್ಣಿನ ಜಾಗದಲ್ಲಿ ಒಂದು ಹರಿದ ಪಟ್ಟಿ, ಅದರಲ್ಲಿ ಹಾಡಿನ ಹೆಸರು. ಬಾಯಿಯ ಜಾಗದಲ್ಲಿ ಇನ್ನೊಂದು, ಅದರಲ್ಲಿ ತಂಡದ ಹೆಸರು. ಮುಖದ ಉಳಿದ ಭಾಗವನ್ನು ಮುಟ್ಟಿಲ್ಲ. ಪಟ್ಟಿ ಒಂದಿಷ್ಟು ಮೇಲೆ ಕೂತಿದ್ದರೆ ಬರೀ ಗೀಚಾಟ ಆಗುತ್ತಿತ್ತು. ಇದು ಕೈಬಾರದವರ ಕೆಲಸವಾ, ಹೇಳಿ?

ಕೈಬಾರದವರೂ ಇದ್ದರು, ಇಲ್ಲ ಅನ್ನಲ್ಲ. 1976ರಲ್ಲಿ ಮಾರ್ಕ್ ಪೆರಿ ಎಂಬ ಬ್ಯಾಂಕ್ ಗುಮಾಸ್ತ ‘ಸ್ನಿಫಿನ್ ಗ್ಲೂ’ ಎಂಬ ಪಂಕ್ ಸಂಗೀತದ ಪುಟ್ಟ ಪತ್ರಿಕೆ ತಂದ. ಹೆಸರು ಮಾರ್ಕರ್ ಪೆನ್ನಲ್ಲಿ, ಬರಹ ಟೈಪ್‌ರೈಟರಿನಲ್ಲಿ, ಹೊಡೆದುಹಾಕಿದ ತಪ್ಪುಗಳು ಹಾಗೇ. ಜೆರಾಕ್ಸ್ ಮಾಡಿ ಹಂಚಿದ. ಅಷ್ಟೇ. ಆದರೆ 1980ರಲ್ಲಿ ‘ಐ-ಡಿ’ ಪತ್ರಿಕೆ ತಂದು, ಅದೇ ಟೈಪ್‌ರೈಟರ್, ಅದೇ ಸ್ಟೇಪ್ಲರ್ ಪಿನ್ ಬಳಸಿದ ಟೆರಿ ಜೋನ್ಸ್, ಅದಕ್ಕೂ ಮೊದಲು ‘ವೋಗ್’ ಎಂಬ ಥಳಕಿನ ಫ್ಯಾಷನ್ ಪತ್ರಿಕೆಯ ಬ್ರಿಟಿಷ್ ಆವೃತ್ತಿಯ ಕಲಾ ನಿರ್ದೇಶಕರು! ನುಣುಪು ಗೊತ್ತಿದ್ದೇ ಬಿಟ್ಟವರು ಅವರು.

ಈಗ ನಮ್ಮ ಮುಖಪುಟಕ್ಕೆ ಬರೋಣ. ಇಲ್ಲಿ ನಿಮ್ಮ ಮಾತಿಗೆ ತಲೆಬಾಗುತ್ತೇನೆ. ಇಂಗ್ಲಿಷಿನವರಿಗೆ 26 ಅಕ್ಷರ ಸಿಕ್ಕರೆ ಕೆಲಸ ಮುಗಿಯಿತು. ನಮಗೆ ‘ಲ್ಲು’ ಬೇಕೆಂದರೆ ಒತ್ತು, ಕೊಂಬಿನ ಸಮೇತ ಇಡಿಯಾಗಿ ಸಿಗಬೇಕು, ಅದೂ ಬೇಕಾದ ಅಳತೆಯಲ್ಲಿ. ನಮ್ಮ ಹುಡುಗ ಅರ್ಧ ಗಂಟೆ ಪೇಪರ್ ತಿರುವಿದ. ಕತ್ತರಿಸುವಾಗ ಎರಡು ಸಲ ಒತ್ತೇ ತುಂಡಾಯಿತು. ಕೊನೆಗೆ ಸಾಕಪ್ಪಾ ಎಂದು ಕಂಪ್ಯೂಟರಿನಲ್ಲೇ ಹರಿದ ಕಾಗದ ಬಿಡಿಸಿ ಮುಗಿಸಿದ. ನಾನೂ ಸುಮ್ನೆ ಒಪ್ಪಿಬಿಟ್ಟೆ. ಭೂತಗನ್ನಡಿ ಹಿಡಿದು ನೋಡಿ: ಎರಡೂ ‘ಗಲ್ಲಿ’ಗಳ ಹರಿದ ಅಂಚು ಒಂದೇ ತರಹ ಇದೆ. ಕೈಯಿಂದ ಹರಿದ ಕಾಗದ ಹಾಗಿರಲ್ಲ, ಅಲ್ವಾ?

ಮುಂದಿನ ಸಲ ನಿಜವಾಗಿ ಕತ್ತರಿ ಹಿಡಿಯುತ್ತೇವೆ. ‘ಲ್ಲು’ ಮಾತ್ರ ಜಾಸ್ತಿ ಬೇಕು. ನಿಮ್ಮ ಕಟ್ಟಿನಲ್ಲಿ ಎರಡೆರಡು ಪ್ರತಿ ಇರುವ ಸಂಚಿಕೆಗಳಿದ್ದರೆ ಕಳಿಸಿಕೊಡಿ. ಅಂಚೆ ಖರ್ಚು ನಮ್ಮದು.

– ಸಂ.