ಅಂಗನವಾಡಿಗೆ ಹೋಗಲ್ಲ ಎನ್ನುವ ನಾಲ್ಕು ವರ್ಷದ ಹುಡುಗ

ಮಗನ ವಿಷಯಕ್ಕೆ ನನ್ನ ಹತ್ತಿರ ಸಲಹೆ ಕೇಳಿದ ಒಬ್ಬ ತಾಯಿಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗನನ್ನು ಪುಟ್ಟು ಎಂದು ಕರೆಯೋಣ.

ಆಲೂರು ತಾಲ್ಲೂಕಿನ ಒಂದು ಹಳ್ಳಿ. ತಾಯಿಗೆ ಹಾಸನದ ಗಾರ್ಮೆಂಟ್ಸ್‌ನಲ್ಲಿ ಕೆಲಸ, ಮಗ ಏಳುವ ಮೊದಲೇ ಬಸ್ ಹತ್ತಬೇಕು. ತಂದೆ ಶುಂಠಿ ಹೊಲದಲ್ಲಿ ಕೂಲಿ. ಪುಟ್ಟುವನ್ನು ಅಂಗನವಾಡಿಗೆ ಬಿಡುವುದು, ಕರೆದುಕೊಂಡು ಬರುವುದು ಎಲ್ಲ ಅಜ್ಜಿಯದೇ.

ಯುಗಾದಿವರೆಗೂ ಖುಷಿಯಾಗಿ ಹೋಗುತ್ತಿದ್ದ ಹುಡುಗ ಮಳೆ ಹಿಡಿದ ಮೇಲೆ ಬಾಗಿಲಲ್ಲೇ ಅಳುವುದಕ್ಕೆ ಶುರು ಮಾಡಿದ. ಅಜ್ಜಿಯ ಸೆರಗು ಬಿಡುವುದಿಲ್ಲ. ಹಾಸಿಗೆ ಒದ್ದೆ ಮಾಡುವುದು ನಿಂತು ಎಷ್ಟೋ ತಿಂಗಳಾಗಿತ್ತು, ಈಗ ಮತ್ತೆ ಬಂದಿದೆ.

"ಅಲ್ಲಿ ಏನೂ ಹೇಳಿಕೊಡಲ್ಲ ಮೇಡಂ. ಉಂಡು, ಮಲಗಿ ಬರ್ತಾನೆ ಅಷ್ಟೇ. ಪಕ್ಕದ ಮನೆ ಹುಡುಗಿಗೂ ಇವನದೇ ವಯಸ್ಸು. ಕಾನ್ವೆಂಟ್‌ಗೆ ಹೋಗ್ತಾಳೆ, ಎಬಿಸಿಡಿ ಪೂರ್ತಿ ಬರೀತಾಳೆ. ಇವನನ್ನೂ ಅಲ್ಲಿಗೇ ಸೇರಿಸ್ಬಿಡ್ಲಾ?" ಎಂದು ತಾಯಿ ಕೇಳಿದರು.

ಅಜ್ಜಿಗೆ ಇದು ಸರಿ ಕಾಣಲಿಲ್ಲ. "ಇವನಪ್ಪನೂ ಅಲ್ಲೇ ಹೋಗಿದ್ದಲ್ವಾ? ಅಳೋದೂ ಒಂದು ವಯಸ್ಸು. ಸರಿ ಹೋಗ್ತಾನೆ ಬಿಡಿ" ಎಂದರು.

ಮಾತು ಅಲ್ಲಿಗೆ ಬಿಟ್ಟು ಪುಟ್ಟು ಜೊತೆ ಚಾಪೆ ಮೇಲೆ ಕುಳಿತೆ. ನನ್ನಲ್ಲಿ ಬಟ್ಟೆ ಗೊಂಬೆಗಳಿವೆ, ಮರದ ತುಂಡುಗಳಿವೆ. ಮೊದಲು ಮುಟ್ಟಲೇ ಇಲ್ಲ. ಆಮೇಲೆ ತಾನೇ ಗೊಂಬೆಗಳನ್ನು ಸಾಲಾಗಿ ಕೂರಿಸಿದ. ಒಂದು ಗೊಂಬೆಯನ್ನು ಮಾತ್ರ ದೂರ, ಗೋಡೆ ಕಡೆ ಮುಖ ಮಾಡಿ ಇಟ್ಟ. "ಇದ್ಯಾಕೋ ಅಲ್ಲಿ?" ಎಂದೆ. "ಅದು ಚಡ್ಡಿಲೇ ಒಂದು ಮಾಡ್ಕೊಂಡಿದೆ. ಎಲ್ರೂ ನಗ್ತಾರೆ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದ: "ಅಲ್ಲಿ ಜಾರುತ್ತೆ. ಬಾಗಿಲು ಹಾಕಿದ್ರೆ ತೆಗೆಯೋಕೆ ಬರಲ್ಲ."

ಅಜ್ಜಿಯನ್ನು ಕೇಳುತ್ತಾ ಹೋದ ಹಾಗೆ ವಿಷಯ ಬಿಚ್ಚಿಕೊಂಡಿತು. ಶೌಚಾಲಯ ಕಟ್ಟಡದ ಹಿಂದಿದೆ. ಮಳೆಗೆ ಮೆಟ್ಟಿಲು ಪಾಚಿಗಟ್ಟಿದೆ, ಬಾಗಿಲು ಉಬ್ಬಿಕೊಂಡು ಸಿಕ್ಕಿಕೊಳ್ಳುತ್ತದೆ. ಮೊದಲು ಮಕ್ಕಳ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದವರು ಸಹಾಯಕಿ. ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ. ಟೀಚರ್ ಒಬ್ಬರೇ ಅಡುಗೆ ಮಾಡಬೇಕು, ಮಕ್ಕಳನ್ನು ನೋಡಬೇಕು, ತೂಕ ಹಾಕಬೇಕು, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್‌ಗೆ ವಿವರ ತುಂಬಬೇಕು. ಪುಟ್ಟು ತಡೆದುಕೊಂಡು ತಡೆದುಕೊಂಡು ಒಂದು ದಿನ ಕೂತಲ್ಲೇ ಮಾಡಿಕೊಂಡಿದ್ದಾನೆ. ಟೀಚರ್ ಸುಸ್ತಾಗಿದ್ದರೋ ಏನೋ, "ಇಷ್ಟು ದೊಡ್ಡವನಾಗಿ ನಾಚಿಕೆ ಆಗಲ್ವಾ?" ಎಂದುಬಿಟ್ಟಿದ್ದಾರೆ. ನಾಲ್ಕು ವರ್ಷದ ಮಗುವಿಗೆ ಆ ಒಂದು ಮಾತು ಸಾಕು.

ಇದರ ಜೊತೆಗೆ ಮನೆಯಲ್ಲಿ ಇನ್ನೊಂದು ಕಷ್ಟ. ಕಾನ್ವೆಂಟ್ ಹುಡುಗಿಯ ಸಮಕ್ಕೆ ಬರಲಿ ಎಂದು ತಾಯಿ ದಿನಾ ಸಂಜೆ ನಾಲ್ಕು ಗೆರೆ ಪುಸ್ತಕ ಹಿಡಿದು ಕೂರುತ್ತಿದ್ದರು. ದಿನವಿಡೀ ಕಾದ ಮಗುವಿಗೆ ಅಮ್ಮ ಸಿಕ್ಕಾಗಲೂ ಸಿಗುತ್ತಿದ್ದದ್ದು ಪೆನ್ಸಿಲ್ಲು, ಗದರಿಕೆ.

ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ಮೂತ್ರ ಪರೀಕ್ಷೆ ಮಾಡಿಸಿ ಎಂದೆ. ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ ಸೋಂಕು, ಸಕ್ಕರೆ ಕಾಯಿಲೆ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲೇಬೇಕು. ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಬಾರದು. ಮಲಬದ್ಧತೆ ಇದೆಯಾ ಅಂತಲೂ ವೈದ್ಯರ ಹತ್ತಿರ ಕೇಳಿ ಎಂದೆ. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ರಾತ್ರಿ ಒದ್ದೆಯಾದರೆ ಬೈಯದೆ ಸುಮ್ನೆ ಬಟ್ಟೆ ಬದಲಿಸಿ ಎಂದು ಅಜ್ಜಿಗೂ ಹೇಳಿದೆ.

ಬರವಣಿಗೆ ಪುಸ್ತಕ ಮುಚ್ಚಿಸಿದೆ. ತಾಯಿಗೆ ಇದೇ ಜಾಸ್ತಿ ಕಷ್ಟವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಮೂರರಿಂದ ಆರು ವರ್ಷದವರೆಗೆ ಆಟದ ಮೂಲಕವೇ ಕಲಿಕೆ, ಆರಕ್ಕೆ ಒಂದನೇ ತರಗತಿ ಎಂದಿದೆ. ಇವನಿಗೆ ಇನ್ನೂ ಕಾಲವಿದೆ. ಅವರೆಕಾಯಿ ಬಿಡಿಸಲಿ, ರೊಟ್ಟಿ ಹಿಟ್ಟು ನಾದಲಿ, ಬೆರಳಿಗೆ ಶಕ್ತಿ ಹಾಗೇ ಬರುತ್ತದೆ. ಬಿಡಿಸಿದ ಕಾಳು ಎಣಿಸಿದರೆ ಅದೇ ಲೆಕ್ಕ. ಮಲಗುವಾಗ ಒಂದು ಕಥೆ ಹೇಳಿ, ಅವನು ಕೇಳಿದ್ದಕ್ಕೆ ಉತ್ತರ ಕೊಡಿ. ಮಾತು ತುಂಬಿರುವ ಮಗುವಿಗೆ ಅಕ್ಷರ ಭಾರ ಆಗುವುದಿಲ್ಲ.

ಮೂರನೆಯದಾಗಿ, ಒಂದು ದಿನ ರಜೆ ಹಾಕಿ ಬೆಳಿಗ್ಗೆ ಪೂರ್ತಿ ಅಂಗನವಾಡಿಯಲ್ಲಿ ಕೂತು ನೋಡಿ ಎಂದೆ. ಗೋಡೆಯ ಚಿತ್ರ, ಬಾಯಿಪಾಠ ಬದಿಗಿರಲಿ. ಟೀಚರ್ ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರಾ? ಕೂತು, ಮುಖ ನೋಡಿ ಮಾತಾಡುತ್ತಾರಾ? ಆಟದ ಸಾಮಾನು ಮಕ್ಕಳ ಕೈಯಲ್ಲಿದೆಯೋ, ಬೀರುವಿನಲ್ಲಿದೆಯೋ? ಮೂಲೆ ಸೇರಿದ ಮಗುವನ್ನು ಯಾರಾದರೂ ಗಮನಿಸುತ್ತಾರಾ? ಊಟಕ್ಕೆ ಮುಂಚೆ ಕೈ ತೊಳೆಸುತ್ತಾರಾ? ನನ್ನ ಪ್ರಕಾರ ಕಲಿಕೆಯ ಗುಣಮಟ್ಟ ಎಂದರೆ ಇದೇ. ಕಾನ್ವೆಂಟ್ ನೋಡಲು ಹೋದರೂ ಇವನ್ನೇ ನೋಡಿ, ಮರೆಯದೆ ಶೌಚಾಲಯವನ್ನೂ ನೋಡಿ ಎಂದೆ.

ಅಂಗನವಾಡಿ ಎಂದರೆ ಊಟದ ಜಾಗ ಎಂದುಕೊಂಡಿರುವುದು ಈ ತಾಯಿ ಒಬ್ಬರೇ ಅಲ್ಲ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗಲೇ ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆಗಳ ಜೊತೆ ಶಾಲಾಪೂರ್ವ ಶಿಕ್ಷಣವೂ ಅದರ ಕೆಲಸವಾಗಿತ್ತು. ನಮ್ಮ ರಾಜ್ಯದ ಅಂಗನವಾಡಿಗಳಿಗೆಂದೇ ‘ಚಿಲಿಪಿಲಿ’ ಎಂಬ ಪಠ್ಯಕ್ರಮವಿದೆ. ಹಾಡು, ಕಥೆ, ಆಟ ಎಲ್ಲ ಅದರಲ್ಲಿವೆ. ಅಷ್ಟೆಲ್ಲ ನಡೆಸಲು ಕೈ ಬೇಕಲ್ಲ? ಒಲೆಯ ಮುಂದೆ ಇರುವವರು ಕಥೆ ಯಾವಾಗ ಹೇಳುತ್ತಾರೆ?

ತಾಯಿ ಹೋಗಿ ಕೂತು ಬಂದರು. ಹೇಳಿದ್ದು ಹೀಗೆ: "ಹಾಡು ಚೆನ್ನಾಗಿ ಹೇಳಿಕೊಡ್ತಾರೆ ಮೇಡಂ. ಇವನಿಗೂ ಬರುತ್ತೆ, ಮನೇಲಿ ನಾನೇ ಹೇಳಿಸಿರಲಿಲ್ಲ. ಆದ್ರೆ ಕುಕ್ಕರ್ ಕೂಗಿದ ತಕ್ಷಣ ಅವರು ಒಳಗೆ ಓಡ್ತಾರೆ, ಮಕ್ಕಳು ಅವರ ಪಾಡಿಗೆ ಅವರು."

ಟೀಚರ್ ಹತ್ತಿರ ಜಗಳಕ್ಕೆ ಹೋಗಬೇಡಿ, ಆದರೆ ನಾಚಿಕೆ ಆಗಲ್ವಾ ಎಂದ ಮಾತು ಮಗನಿಗೆ ನಾಟಿದೆ ಎಂದು ಹೇಳದೆ ಬರಬೇಡಿ ಎಂದಿದ್ದೆ. ಹೇಳಿದರು. ಟೀಚರ್ ಬೇಜಾರು ಮಾಡಿಕೊಂಡರಂತೆ. ಮರುದಿನದಿಂದ ಊಟಕ್ಕೆ ಮುಂಚೆ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕರೆದುಕೊಂಡು ಹೋಗುತ್ತಿದ್ದಾರೆ. ಯಾರೂ ಬಾಯಿಬಿಟ್ಟು ಕೇಳಬೇಕಾಗಿಲ್ಲ. ಪುಟ್ಟು ಚೀಲದಲ್ಲಿ ಒಂದು ಜೊತೆ ಬಟ್ಟೆ ಇರುತ್ತದೆ, ಅದು ಅಲ್ಲಿದೆ ಎಂದು ಅವನಿಗೂ ಗೊತ್ತು.

ಮೆಟ್ಟಿಲು, ಬಾಗಿಲಿನ ರಿಪೇರಿಗೆ ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿರುವ ತಾಯಂದಿರು ಸೇರಿ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟರು. ಬಾಗಿಲು ರಿಪೇರಿಯಾಗಿದೆ, ಮೆಟ್ಟಿಲ ಪಾಚಿ ಉಜ್ಜಿಸಿದ್ದಾರೆ. ಅಜ್ಜಿ ಈಗ ಬಿಟ್ಟ ಕೂಡಲೇ ವಾಪಸ್ ಬರುವುದಿಲ್ಲ, ಸ್ವಲ್ಪ ಹೊತ್ತು ಅಲ್ಲೇ ಕೂತು ಮಕ್ಕಳಿಗೆ ಕಥೆ ಹೇಳುತ್ತಾರೆ. ಇದು ಒಳ್ಳೆಯದೇ. ಆದರೆ ಸಂಬಳ ಕೊಟ್ಟು ತುಂಬಬೇಕಾದ ಜಾಗವನ್ನು ಊರಿನ ಅಜ್ಜಿಯಂದಿರ ಮೇಲೆ ಬಿಡುವುದು ಸರಿಯಲ್ಲ ಎಂದು ಗಟ್ಟಿಯಾಗಿಯೇ ಹೇಳಿದ್ದೇನೆ.

ಪುಟ್ಟು ಬೆಳಿಗ್ಗೆ ಅಳುವುದು ನಿಂತಿದೆ. ರಾತ್ರಿ ಒಮ್ಮೊಮ್ಮೆ ಇನ್ನೂ ಒದ್ದೆಯಾಗುತ್ತದೆ, ಅದಕ್ಕೆ ಸಮಯ ಬೇಕು. ಕಾನ್ವೆಂಟ್ ಮಾತನ್ನು ತಾಯಿ ಮುಂದಿನ ಬೇಸಿಗೆಗೆ ಇಟ್ಟುಕೊಂಡಿದ್ದಾರೆ, ಅದು ಅವರ ಹಕ್ಕು. ಸಹಾಯಕಿಯ ಹುದ್ದೆ ಇನ್ನೂ ಖಾಲಿ. ಸಮಿತಿಯಿಂದ ಮೇಲ್ವಿಚಾರಕಿಗೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ (ಸಿಡಿಪಿಒ) ಪತ್ರ ಹೋಗಿದೆ. ಸ್ವೀಕೃತಿ ಜೋಪಾನವಾಗಿ ಇಟ್ಟುಕೊಳ್ಳಿ, ಭರ್ತಿಯಾಗುವವರೆಗೂ ಪ್ರತಿ ಸಭೆಯಲ್ಲೂ ಕೇಳುತ್ತಿರಿ ಎಂದಿದ್ದೇನೆ.