ಮುಟ್ಟಿದರೆ ದನಿ ಮಾಡುವ ಚಿತ್ರಕ್ಕೆ ಆರ್ಡುಯಿನೊ ಕಲಿಯಲೇಬೇಕಾ?

ಈಗಲೇ ಬೇಡ. ಆರ್ಡುಯಿನೊ ಅಂದರೆ ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್, ಅದು ಆಮೇಲೆ. ನೀವು ಚಿತ್ರಕಲೆ ಓದುತ್ತಿದ್ದೀರಿ, ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲ, ಕಾಲೇಜಿನ ಪ್ರದರ್ಶನಕ್ಕೆ ಬಂದವರು ಮುಟ್ಟಿದರೆ ದನಿ ಹೊರಡುವ ಚಿತ್ರ ಮಾಡಬೇಕು ಅಂದಿದ್ದೀರಿ. ಹಾಗಿದ್ದರೆ ಕೈಯಲ್ಲಿರುವ ಪೆನ್ಸಿಲ್ಲಿನಿಂದಲೇ ಶುರು ಮಾಡಿ.

ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್‌ನಲ್ಲಿ ಕರೆಂಟ್ ಹರಿಯುತ್ತದೆ. ಎಚ್‌ಬಿಯಲ್ಲಿ ಜೇಡಿಮಣ್ಣು ಜಾಸ್ತಿ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. 6ಬಿ ಅಥವಾ 8ಬಿ ತಗೊಳ್ಳಿ, ಒತ್ತಿ ಒತ್ತಿ ದಪ್ಪಗೆ ಎಳೆಯಿರಿ. ಗೆರೆ ಉದ್ದವಾದಷ್ಟೂ ರೆಸಿಸ್ಟೆನ್ಸ್ (ಕರೆಂಟಿಗೆ ಆಗುವ ತಡೆ) ಜಾಸ್ತಿ, ದಪ್ಪವಾದಷ್ಟೂ ಕಡಿಮೆ. 555 ಟೈಮರ್ ಅಂತ ಎಂಟು ಕಾಲಿನ (ಪಿನ್ನಿನ) ಒಂದು ಐಸಿ, ಅಂದರೆ ಚಿಪ್, ಇದೆ. ಅದಕ್ಕೆ ಈ ಗೆರೆಯನ್ನು ಜೋಡಿಸಿದರೆ, ರೆಸಿಸ್ಟೆನ್ಸ್ ಹೆಚ್ಚಿದಾಗ ಚಾರ್ಜ್ ಕೂಡಿಡುವ ಕೆಪಾಸಿಟರ್ ತುಂಬಲು ಹೆಚ್ಚು ಹೊತ್ತು ಹಿಡಿದು ಸ್ವರ ಕೆಳಗಿಳಿಯುತ್ತದೆ, ಕಡಿಮೆಯಾದಾಗ ಮೇಲೇರುತ್ತದೆ. ನೀವು ಎಳೆದ ಗೆರೆಯ ಉದ್ದವೇ ಕಿವಿಗೆ ಕೇಳಿಸುತ್ತದೆ, ಇದಕ್ಕಿಂತ ಇನ್ನೇನು ಬೇಕು! ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿದ್ದ ಜೇ ಸಿಲ್ವರ್ ಇಂಥದೇ ಸರ್ಕ್ಯೂಟನ್ನು ಪೆನ್ಸಿಲ್ಲಿಗೇ ಕಟ್ಟಿ, ಗೆರೆ ಎಳೆಯುತ್ತಲೇ ದನಿ ಮಾಡುವ ಡ್ರಾಡಿಯೊ ಮಾಡಿದ್ದರು.

ಜೋಡಿಸುವುದು ಹೀಗೆ. 4 ಮತ್ತು 8ನೇ ಪಿನ್ 9 ವೋಲ್ಟ್ ಬ್ಯಾಟರಿಯ ಪ್ಲಸ್‌ಗೆ, 1ನೇದು ಮೈನಸ್‌ಗೆ. 8 ಮತ್ತು 7ರ ನಡುವೆ 10 ಕಿಲೋ ಓಮ್ ರೆಸಿಸ್ಟರ್. 2 ಮತ್ತು 6ನ್ನು ಕೂಡಿಸಿ, ಅಲ್ಲಿಂದ ಮೈನಸ್‌ಗೆ 103 ಅಂತ ಬರೆದಿರುವ ಸಣ್ಣ ಕೆಪಾಸಿಟರ್. 3ನೇ ಪಿನ್ನಿನಿಂದ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ 8 ಓಮ್ ಸ್ಪೀಕರ್, ಸ್ಪೀಕರಿನ ಇನ್ನೊಂದು ತಂತಿ ಮೈನಸ್‌ಗೆ. ಇನ್ನು 6 ಮತ್ತು 7ರ ನಡುವೆ ನಿಮ್ಮ ಚಿತ್ರ. ಸಾಮಾನೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸುಲಭವಾಗಿ ಸಿಗುತ್ತದೆ.

ಈಗ ಮುಖ್ಯ ವಿಷಯ. ಗೆರೆಯನ್ನು ಪೂರ್ತಿ ಎಳೆಯಬೇಡಿ, ನಡುವೆ ಜಾಗ ಬಿಡಿ. ಬಂದವರು ಆಚೆ ಒಂದು ಕೈ, ಈಚೆ ಒಂದು ಕೈ ಇಟ್ಟರೆ ಅವರ ಮೈಯೇ ಗೆರೆಯ ಉಳಿದ ಭಾಗ. ಒಣ ಕೈಗೆ ಗೊರಗೊರ ಅನ್ನುತ್ತದೆ, ಒದ್ದೆ ಕೈಗೆ ಸ್ವರ ಏರುತ್ತದೆ. ಆಚೆ ಒಬ್ಬರು, ಈಚೆ ಒಬ್ಬರು ಮುಟ್ಟಿ ಕೈ ಕೈ ಹಿಡಿದರೂ ದನಿ ಬರುತ್ತದೆ, ಹಿಡಿತ ಬಿಗಿಯಾದರೆ ಸ್ವರ ಬದಲಾಗುತ್ತದೆ. ಗುರುತಿಲ್ಲದ ಇಬ್ಬರು ಸೇರದೆ ಪೂರ್ತಿಯಾಗದ ಚಿತ್ರ ಏನಾಗಿರಬೇಕು ಅನ್ನುವುದನ್ನು ನೀವೇ ಯೋಚಿಸಬೇಕು. ಅದನ್ನು ಯಾವ ಐಸಿಯೂ ಹೇಳಿಕೊಡುವುದಿಲ್ಲ, ಅಲ್ವಾ?

ರೆಕಾರ್ಡ್ ಮಾಡಿದ ದನಿಯೋ, ಒಂದಾದ ಮೇಲೊಂದು ಹೊತ್ತುವ ದೀಪವೋ ಬೇಕು ಅನ್ನಿಸಿದಾಗ ಆರ್ಡುಯಿನೊ ಹಿಡಿಯಿರಿ. ಹೆದರುವಂಥದ್ದಲ್ಲ, 2005ರಲ್ಲಿ ಇಟಲಿಯ ಇವ್ರಿಯಾದ ಡಿಸೈನ್ ಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಅಂತಲೇ ಅದು ಹುಟ್ಟಿದ್ದು. ಬಿಡುವಿದ್ದರೆ ಬೆಂಗಳೂರಿನ ಬಳ್ಳಾರಿ ರಸ್ತೆಯ ಸೈನ್ಸ್ ಗ್ಯಾಲರಿಗೂ ಹೋಗಿ ಬನ್ನಿ, ಅಲ್ಲಿ ವಿಜ್ಞಾನ ಮತ್ತು ಕಲೆ ಕೂಡಿದ ಪ್ರದರ್ಶನಗಳಿರುತ್ತವೆ.

ಬ್ಯಾಟರಿ ಬಿಟ್ಟು ಗೋಡೆಯ ಪ್ಲಗ್ಗಿಗೆ ಯಾವ ಕಾರಣಕ್ಕೂ ಜೋಡಿಸಬೇಡಿ, ಜನ ಬರಿಗೈಯಲ್ಲಿ ಮುಟ್ಟುತ್ತಾರೆ. ಮುಟ್ಟುವ ಜಾಗದಲ್ಲಿ ಗ್ರಾಫೈಟ್ ಬೇಗ ಅಳಿಸಿಹೋಗುತ್ತದೆ. ಚಿತ್ರ ಅಳಿಸದಂತೆ ಕಾಯುವ ಫಿಕ್ಸೇಟಿವ್ ಸ್ಪ್ರೇ ಹೊಡೆದರೆ ಅಲ್ಲಿ ಕರೆಂಟ್ ದಾಟುವುದಿಲ್ಲ, ಅದರ ಬದಲು ತಾಮ್ರದ ಟೇಪ್ ಅಂಟಿಸಿ.